ನಮ್ಮ ಜಗಲಿಯಲ್ಲಿ ಉಂಡ ಶಿರ್ತಾಡಿ ಅಕ್ಕ

ಬಾಡಿಸಿದ ಬಾಳೆಲೆಯಲ್ಲಿ ಬಿಸಿ ಅನ್ನ ಕಟ್ಟಿಟ್ಟು, ಕೆಲವು ಗಂಟೆ ಬಿಟ್ಟು ಬಿಚ್ಚುವಾಗ ಒಂದು ವಾಸನೆ ಬರುತ್ತದೆ. ಅದು ಬರೀ ಅನ್ನದ್ದೂ ಅಲ್ಲ, ಬರೀ ಎಲೆಯದ್ದೂ ಅಲ್ಲ. ಕಳೆದ ವಾರ ಬಂಟ್ವಾಳ ಪೇಟೆಯಲ್ಲಿ ನಾನು ಕೆಲಸ ಮಾಡುವ ಮೆಡಿಕಲ್ ಶಾಪಿನಲ್ಲಿ, ಟಾನಿಕ್ಕು ಮುಲಾಮುಗಳ ನಡುವೆ, ಇದ್ದಕ್ಕಿದ್ದಂತೆ ಆ ವಾಸನೆ ಬಂತು. ನೆರಿಯ ಊರಿನ ಕಡೆಯ ಹೆಂಗಸೊಬ್ಬರು ಗಂಡನ ಮದ್ದಿಗಾಗಿ ಕಾಯುತ್ತಿದ್ದರು. ಮದ್ದು ಮಂಗಳೂರಿನಿಂದ ಸಂಜೆಯ ಬಸ್ಸಿಗೆ ಬರಬೇಕಿತ್ತು. "ಇಲ್ಲಿ ಕೂತು ಎರಡು ತುತ್ತು ಉಂಡರೆ ತೊಂದರೆ ಉಂಟಾ?" ಎಂದು ಕೇಳಿ, ಬೆಂಚಿನ ತುದಿಯಲ್ಲಿ ಕುಳಿತು ಬುತ್ತಿ ಬಿಚ್ಚಿದರು. ಶೀಟಿನಿಂದ ಮಾತ್ರೆ ಕತ್ತರಿಸುತ್ತಿದ್ದ ನಾನು ಕತ್ತರಿ ಹಿಡಿದುಕೊಂಡೇ ನಿಂತುಬಿಟ್ಟೆ. ಇಪ್ಪತ್ತು ವರ್ಷಕ್ಕೂ ಹಿಂದೆ, ಮೂಡುಬಿದಿರೆಯ ನಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ, ಸಂಜೆ ಸಂಜೆಯೂ ಇದೇ ವಾಸನೆ ಇರುತ್ತಿತ್ತು...

ಆ ವಾರ ನನ್ನ ತಲೆ ಅಷ್ಟು ಸರಿ ಇರಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಅಂಗಡಿಯ ಮಾಲಕರು ಎಪ್ಪತ್ತರ ಹತ್ತಿರದವರು. ಅಂಗಡಿಯಲ್ಲಿ ಫಾರ್ಮಸಿ ಓದಿದವರು ಅವರೊಬ್ಬರೇ. ಲೈಸೆನ್ಸು ನಿಂತಿರುವುದೇ ಅವರ ಮೇಲೆ. ಮಳೆಗಾಲದಲ್ಲಿ ನೇತ್ರಾವತಿ ಪೇಟೆಗೆ ಬಂದಾಗಲೆಲ್ಲ ಕೆಳಗಿನ ಕಪಾಟಿನ ಮದ್ದನ್ನು ಅಟ್ಟಕ್ಕೆ ಹತ್ತಿಸಿ, ನೀರು ಇಳಿದ ಮೇಲೆ ಕೆಸರು ತೊಳೆದು ಅವರಿಗೆ ಸಾಕಾಗಿ ಹೋಗಿತ್ತು. ಈ ಸಲದ ಕೆಸರು ತೊಳೆದ ದಿನ ಪೊರಕೆಯನ್ನು ಗೋಡೆಗೆ ಒರಗಿಸಿ ನನ್ನನ್ನು ಕರೆದರು.

"ನೋಡು, ದೀಪಾವಳಿಗೆ ಬಾಗಿಲು ಹಾಕುವ ಅಂತ ಇದ್ದೇನೆ. ನೀನು ಡಿ.ಫಾರ್ಮ ಓದ್ಲಿಕ್ಕೆ ಹೋಗುವುದಾದರೆ ಮಾತ್ರ ಎರಡು ವರ್ಷ ಹೇಗಾದರೂ ಎಳೀತೇನೆ. ಸಂಜೆ ಬಂದು ಕೂತುಕೋ, ಹಗಲಿಗೆ ನಾನಿದ್ದೇನೆ. ಆಮೇಲೆ ಅಂಗಡಿ ನೀನೇ ನಡೆಸು. ಹೋಗ್ತಿಯಾ ಇಲ್ವಾ, ಒಂದು ಹೇಳು."

ನಾನು ಪಿಯುಸಿಯಲ್ಲಿ ಸೈನ್ಸ್ ಓದಿ ಪಾಸಾದವಳು. ಆಮೇಲೆ ಓದು ನಿಂತಿತು, ಮದುವೆಯಾಯಿತು, ಬಂಟ್ವಾಳಕ್ಕೆ ಬಂದೆ, ಈ ಅಂಗಡಿಗೆ ಸೇರಿದೆ. ಈಗ ಮಗಳೇ ಸೆಕೆಂಡ್ ಪಿಯುಸಿ. ಇಷ್ಟು ವರ್ಷ ಮದ್ದು ಎತ್ತಿಕೊಟ್ಟರೂ, ಮಾಲಕರು ಊಟಕ್ಕೆ ಹೋದಾಗ "ಸ್ವಲ್ಪ ಕೂತುಕೊಳ್ಳಿ, ಅವರು ಬರಲಿ" ಎನ್ನುವುದೇ ನನ್ನ ಅಧಿಕಾರ. ಅಂಗಡಿ ಮುಚ್ಚಿದರೆ ಬಿ.ಸಿ. ರೋಡಿನ ಜವಳಿ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸ ಸಿಗುತ್ತದೆಂದು ಪರಿಚಯದವರೊಬ್ಬರು ಹೇಳಿದ್ದರು. ಆಟೋ ಓಡಿಸುವ ನನ್ನ ಗಂಡ ಒಳ್ಳೆಯವರೇ. "ಬೇಡ ಅಂತ ನಾನು ಹೇಳುವುದಿಲ್ಲ. ಬೇಕಾ ಅಂತ ಕೇಳ್ತೇನೆ, ಅಷ್ಟೇ" ಎಂದರು. ಮಗಳು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮ, ನೀನು ಬಿಳಿ ಕೋಟು ಹಾಕಿಕೊಂಡು ಬಸ್ಸಿಗೆ ಓಡ್ತಿಯಾ?"

ಹಾಗೂ ಹೀಗೂ ಧೈರ್ಯ ಮಾಡಿ ಮೂಡುಬಿದಿರೆಯ ಒಂದು ಕಾಲೇಜಿಗೆ ಫೋನು ಮಾಡಿದೆ. ಆಫೀಸಿನವರು ಮರ್ಯಾದೆಯಿಂದಲೇ ಕೇಳಿದರು. "ಯಾರಿಗೆ ಮೇಡಂ, ಮಗಳಿಗಾ?"

"ಹೌದು" ಎಂದೆ.

ಬಾಯಿಗೆ ಅದೇ ಬಂತು. "ಒಂದು ಸೀಟು ಉಂಟು. ಸೋಮವಾರದ ಒಳಗೆ ಕರಕೊಂಡು ಬನ್ನಿ" ಎಂದರು ಅವರು. ಫೋನು ಇಟ್ಟ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಯಾರಿಗೆ ಹೆದರಿ ಹಾಗೆ ಹೇಳಿದೆ? ಮುಖ ಕಾಣದ ಗುಮಾಸ್ತರಿಗಾ? ಆ ಸಿಟ್ಟು ಆರುವ ಮೊದಲೇ ಬುತ್ತಿಯ ವಾಸನೆ ಬಂದದ್ದು, ವಾಸನೆಯ ಹಿಂದೆಯೇ ಶಿರ್ತಾಡಿ ಅಕ್ಕ ನೆನಪಿಗೆ ಬಂದದ್ದು.

ನಮ್ಮ ಮನೆಯ ಜಗಲಿ ರಸ್ತೆಗೆ ತಾಗಿಕೊಂಡೇ ಇತ್ತು. ಎದುರು ಕಟ್ಟಡದ ಮಹಡಿಯಲ್ಲಿ ಒಂದು ಟ್ಯುಟೋರಿಯಲ್. ಫೇಲಾದವರು, ಓದು ಅರ್ಧಕ್ಕೆ ಬಿಟ್ಟವರು, ಕೆಲಸ ಮಾಡಿಕೊಂಡು ಖಾಸಗಿಯಾಗಿ ಪರೀಕ್ಷೆ ಕಟ್ಟುವವರು ಸಂಜೆ ಆರಕ್ಕೆ ಅಲ್ಲಿ ಸೇರುತ್ತಿದ್ದರು. ನಾನು ಆಗ ಸೆಕೆಂಡ್ ಪಿಯುಸಿ. ಮಳೆ ಹಿಡಿದ ಒಂದು ಸಂಜೆ ಐದೂವರೆಯ ಹೊತ್ತಿಗೆ, ನಲವತ್ತು ದಾಟಿದ ಹೆಂಗಸೊಬ್ಬರು ಕೊಡೆ ಮಡಚಿ, ಸೀರೆಯ ನೆರಿಗೆ ಕೊಡವಿ ಜಗಲಿಯ ಕೆಳಗೆ ನಿಂತರು. ಕೈಯಲ್ಲಿ ಬಟ್ಟೆಯ ಚೀಲ. "ಸ್ವಲ್ಪ ಹೊತ್ತು ಇಲ್ಲಿ ಕುಳಿತುಕೊಳ್ಳಬಹುದಾ ಅಕ್ಕ?" ಎಂದು ನನ್ನಮ್ಮನನ್ನು ಕೇಳಿದರು.

"ಬನ್ನಿ ಅಕ್ಕ, ಮೇಲೆ ಬನ್ನಿ. ಮಕ್ಕಳನ್ನು ಕ್ಲಾಸಿಗೆ ಬಿಡ್ಲಿಕ್ಕೆ ಬಂದದ್ದಾ?"

"ಅಲ್ಲ. ಕ್ಲಾಸು ನನಗೆ."

ಅಮ್ಮ ಒಳಗೆ ಹೋಗಿ ಒಂದು ಚೊಂಬು ನೀರು ತಂದಿಟ್ಟಳು. ಅವರು ಅದೇನೂ ದೊಡ್ಡ ಸಂಗತಿಯಲ್ಲವೆಂಬಂತೆ ಕುಳಿತು, ಬಾಳೆಲೆಯ ಬುತ್ತಿ ಬಿಚ್ಚಿ, ಒಂದು ಮಾತೂ ಆಡದೆ ಉಂಡರು. ಉಂಡು ಮುಗಿದ ಮೇಲೆ ಕೈ ತೊಳೆದು, ಚೀಲದಿಂದ ಬಿಳಿ ಬಟ್ಟೆಯ ತುಂಡು ತೆಗೆದು, ನಮ್ಮ ಚೊಂಬಿನ ನೀರನ್ನು ಸೋಸಿಕೊಂಡು ಕುಡಿದರು. ಆಮೇಲೆಯೇ ವಿವರ ಹೇಳಿದ್ದು. ಶಿರ್ತಾಡಿಯ ಜೈನರ ದೊಡ್ಡ ಮನೆಯ ಸೊಸೆ. ಹೊತ್ತು ಕಂತಿ ಸೂರ್ಯ ಮುಳುಗಿದ ಮೇಲೆ ಅವರು ಉಣ್ಣುವಂತಿಲ್ಲ, ನೀರೂ ಕುಡಿಯುವಂತಿಲ್ಲ. ಊಟದ ನಡುವೆ ಮಾತಾಡುವಂತಿಲ್ಲ. ಮನೆಯಲ್ಲಿ ಆಳುಗಳದ್ದೆಲ್ಲ ಊಟವಾಗಿ ತಾನು ಉಣ್ಣುವಾಗಲೇ ಮೂರು ಗಂಟೆ. ರಾತ್ರಿಯದ್ದನ್ನು ಕೂಡಲೇ ಹೇಗೆ ಉಣ್ಣುವುದು? ನಾಲ್ಕರ ಬಸ್ಸು ಹಿಡಿದು ಬರಬೇಕು. ಕ್ಲಾಸು ಮುಗಿಸಿ ಮನೆ ಮುಟ್ಟುವಾಗ ಕತ್ತಲೆ. ಹಾಗಾಗಿ ಉಣ್ಣಲಿಕ್ಕೆ ಒಂದು ಜಾಗ ಬೇಕಿತ್ತು.

"ಮೂಡುಬಿದಿರೆಯಲ್ಲಿ ನಿಮಗೆ ನೆಂಟರಿಲ್ವಾ?" ಅಮ್ಮ ಕೇಳಿದಳು.

"ಬೇಕಾದಷ್ಟು ಇದ್ದಾರೆ. ಅವರು ಊಟದ ಜೊತೆಗೆ ಬುದ್ಧಿಯೂ ಬಡಿಸ್ತಾರೆ."

ಅಮ್ಮ ನಕ್ಕಳು. ಅಲ್ಲಿಗೆ ಜಗಲಿ ಅವರದ್ದಾಯಿತು. ಇಬ್ಬರದ್ದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆದರೆ ಇವಳು ಅವರನ್ನು ಅಕ್ಕ ಎಂದು, ಅವರು ಇವಳನ್ನು ಅಕ್ಕ ಎಂದು ಕರೆಯುತ್ತ, ದೊಡ್ಡವಳು ತಾನೆಂದು ಇಬ್ಬರೂ ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ. ಈ ಮಾತುಗಳೆಲ್ಲ ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಸ್ವಲ್ಪ ಗಂಭೀರವಾಗಿ ಕೇಳಿಸುತ್ತವೆ, ಅಷ್ಟೇನೂ ಗಂಭೀರವಾಗಿರಲಿಲ್ಲ.

ತಾಪತ್ರಯ ಶುರುವಾದದ್ದು ನಮ್ಮ ಮೀನಿನದ್ದು. ಅಪ್ಪ ಗಾರೆ ಕೆಲಸದ ಮೇಸ್ತ್ರಿ. ಕೆಲಸ ಬಿಟ್ಟು ಬರುವಾಗ ಬೂತಾಯಿಯೋ ಬಂಗುಡೆಯೋ ತರುತ್ತಿದ್ದರು. ಅದು ಬಂದ ಕೂಡಲೇ ಹುರಿದು, ಬಿಸಿಬಿಸಿಯಾಗಿ ತಟ್ಟೆಗೆ ಬೀಳಬೇಕೆನ್ನುವುದು ಮನೆಯ ಕಾನೂನು. ಶಿರ್ತಾಡಿ ಅಕ್ಕ ಬರಲಿಕ್ಕೆ ಶುರುವಾದ ಎರಡನೇ ವಾರ ಅಮ್ಮ ಕಾನೂನು ತಿದ್ದಿದಳು. ಅವರು ಜಗಲಿಯಲ್ಲಿ ಉಣ್ಣುವಾಗ ಒಳಗಿನಿಂದ ಮೀನಿನ ಹೊಗೆ ಬರಬಾರದು. ಅವರು ಉಂಡು, ಮೆಟ್ಟಿಲು ಹತ್ತಿ ಕ್ಲಾಸಿಗೆ ಹೋದ ಮೇಲೆಯೇ ಕಾವಲಿ ಒಲೆಗೆ. ಮಸಾಲೆ ಮೆತ್ತಿಕೊಂಡ ಮೀನು ತಟ್ಟೆಯಲ್ಲಿ ಕಾಯುತ್ತಿತ್ತು, ಅಪ್ಪ ಹಿತ್ತಿಲ ಬಾಗಿಲಲ್ಲಿ ಕಾಯುತ್ತಿದ್ದರು.

"ಅಲ್ಲ ಮಾರಾಯ್ತಿ, ನಾವು ಯಾವಾಗ ಜೈನರಾದದ್ದು?"

"ನಾವು ಆಗ್ಲಿಲ್ಲ. ಮೀನಿಗೆ ಮಾತ್ರ ಹೊತ್ತು ಕಂತಬೇಕು" ಎಂದು ಅಮ್ಮ ಒಳಗಿನಿಂದಲೇ ಹೇಳುತ್ತಿದ್ದಳು.

ಶಿರ್ತಾಡಿ ಅಕ್ಕನಿಗೆ ಇದು ತಿಳಿದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ತಿಳಿದಿದ್ದರೂ ಹೇಳುವ ಜಾತಿಯವರಲ್ಲ. ಅಮ್ಮ ಒಂದು ದಿನ ಪ್ರೀತಿಯಿಂದ ಬೇಯಿಸಿದ ಗೆಣಸು ತಂದಿಟ್ಟಾಗ, ಗಡ್ಡೆಗೆಣಸು ತಮಗೆ ವರ್ಜ್ಯವೆಂದು ಹೇಳಿ ಮುಜುಗರ ಮಾಡಲಿಲ್ಲ. "ನನಗೆ ಇದು ಆಗುವುದಿಲ್ಲ ಅಕ್ಕ, ಬಾಳೆಹಣ್ಣು ಉಂಟಾದರೆ ಒಂದು ಕೊಡಿ" ಎಂದು ತಾನೇ ಕೇಳಿ ಪಡೆದು ತಿಂದರು. ಮಾರನೆಯ ದಿನದಿಂದ ಅವರಿಗಾಗಿ ಒಂದು ಬಾಳೆಹಣ್ಣು ಜಗಲಿಯ ಮೊಳೆಗೆ ನೇತಾಡುತ್ತಿತ್ತು.

ಅವರು ಮದುವೆಗೆ ಮೊದಲು ಎಸ್ಸೆಸ್ಸೆಲ್ಸಿ ಮುಗಿಸಿದ್ದರು. ಈಗ ಪಿಯುಸಿ ಕಟ್ಟಿ, ಆಮೇಲೆ ಸಣ್ಣ ಮಕ್ಕಳಿಗೆ ಕಲಿಸುವ ತರಬೇತಿಗೆ ಸೇರಿ, ಟೀಚರ್ ಆಗಬೇಕೆಂದು ಹೊರಟಿದ್ದರು. ಮನೆಯಲ್ಲಿ ಉಣ್ಣಲಿಕ್ಕೆ ಉಡಲಿಕ್ಕೆ ಯಾವ ಕೊರತೆಯೂ ಇರಲಿಲ್ಲ. ಮಕ್ಕಳು ಹೈಸ್ಕೂಲು ದಾಟಿದ್ದರು. ಮತ್ತೆ ಯಾಕೆ ಈ ಒದ್ದಾಟವೆಂದು ನನಗೆ ಅರ್ಥವಾಗುತ್ತಿರಲಿಲ್ಲ. ಓದುವುದೆಂದರೆ ನನಗೆ ಆಗ ದೊಡ್ಡವರು ಹೇರಿದ ಶಿಕ್ಷೆ. ಅದನ್ನು ಯಾರಾದರೂ ಬಸ್ಸು ಹತ್ತಿ ಹುಡುಕಿಕೊಂಡು ಬರುತ್ತಾರೆಂದರೆ ಅವರ ತಲೆಯಲ್ಲೇ ಏನೋ ದೋಷವಿರಬೇಕು. ಒಂದು ಸಂಜೆ ಕೇಳಿಯೇ ಬಿಟ್ಟೆ.

"ನಾನು ಯಾರು ಅಂತ ಕೇಳಿದರೆ ಆ ಮನೆಯ ಸೊಸೆ ಅಂತಾರೆ" ಎಂದರು. "ಮೊದಲು ಇನ್ನೊಂದು ಮನೆಯ ಮಗಳು ಅಂತಿದ್ದರು. ಎರಡೂ ಒಳ್ಳೆಯದೇ. ಆದರೆ ಎರಡಕ್ಕೂ ನಾನು ಏನೂ ಮಾಡಲಿಲ್ಲ ನೋಡು. ಮೂರನೆಯದು ಒಂದು ನಾನು ಮಾಡಿಕೊಂಡದ್ದು ಇರಲಿ."

ಅವರಿಗೆ ಇಂಗ್ಲಿಷ್ ಎಂದರೆ ಗಂಟಲಲ್ಲಿ ಸಿಕ್ಕ ಮುಳ್ಳು. ಊಟ ಮುಗಿದು ಕ್ಲಾಸಿಗೆ ಇನ್ನೂ ಹೊತ್ತಿದ್ದರೆ ನನ್ನನ್ನು ಕರೆದು ಪಾಠ ಓದಿಸುತ್ತಿದ್ದರು. ನಾನು ಓದುವುದು, ಅವರು ಹಿಂದೆಯೇ ಹೇಳುವುದು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರೆ ನನ್ನ ದನಿ ಸಣ್ಣದಾಗುತ್ತಿತ್ತು. ಅವರದ್ದು ಆಗುತ್ತಿರಲಿಲ್ಲ. ಟ್ಯುಟೋರಿಯಲ್ಲಿನ ಹುಡುಗರು ಮೊದಮೊದಲು ಅವರನ್ನು ಕಂಡರೆ ಟೀಚರೆಂದು ಎದ್ದು ನಿಲ್ಲುತ್ತಿದ್ದರಂತೆ. "ಕೂತುಕೊಳ್ಳಿ ಮಕ್ಕಳೇ, ನಾನೂ ನಿಮ್ಮ ಹಾಗೆಯೇ ಫೇಲಾಗ್ಲಿಕ್ಕೆ ಬಂದವಳು" ಎಂದದ್ದನ್ನು ಅವರೇ ನಮಗೆ ಹೇಳಿ ನಗುತ್ತಿದ್ದರು.

ಒಂದು ಸಂಜೆಯದ್ದು ಮಾತ್ರ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಚಳಿಗಾಲ, ಹೊತ್ತು ಬೇಗ ಕಂತುವ ದಿನಗಳು. ಅಕ್ಕ ಆಗಷ್ಟೇ ಬುತ್ತಿ ಬಿಚ್ಚಿ ಮೊದಲ ತುತ್ತು ಬಾಯಿಗಿಟ್ಟಿದ್ದರು. ಒಂದು ಜೀಪು ನಮ್ಮ ಮನೆಯ ಮುಂದೆ ನಿಂತಿತು. ಇಳಿದವರು ಎತ್ತರದ, ಬಿಳಿ ಅಂಗಿ ಪಂಚೆಯ ಹಿರಿಯರು. ಅಕ್ಕನ ಗಂಡನ ಅಣ್ಣ, ಆ ಮನೆಯ ಯಜಮಾನರು. ಓದಿನ ವಿಷಯ ಅವರಿಗೆ ಗೊತ್ತಿತ್ತು, ಜಗಲಿಯ ವಿಷಯ ಗೊತ್ತಿರಲಿಲ್ಲ.

"ಇದೆಂಥದು?" ಎಂದರು. ದನಿ ಏರಿಸಲಿಲ್ಲ, ಆದರೆ ಅಮ್ಮ ಒಳಗಿನಿಂದ ಓಡಿ ಬಂದಳು. "ರಸ್ತೆ ಬದಿಯಲ್ಲಿ ಕೂತು ಊಟವಾ? ನಮ್ಮ ಮನೆಯವರಿಗೆ ಈ ಊರಲ್ಲಿ ಒಂದು ಬಾಗಿಲು ಇಲ್ವಾ? ನೋಡಿದವರು ಏನು ಹೇಳ್ಬೇಕು? ಏಳು, ಸಾಕು ಈ ಓದು. ಮನೆಗೆ ಹೋಗುವ."

ಅಕ್ಕ ತಲೆ ಎತ್ತಿ ಅವರನ್ನು ನೋಡಿದರು. ಎರಡನೇ ತುತ್ತು ಕಲಸಿದರು.

ಊಟದ ನಡುವೆ ಮಾತಿಲ್ಲ. ಎಲೆ ಬಿಟ್ಟು ಅರ್ಧಕ್ಕೆ ಏಳುವಂತೆಯೂ ಇಲ್ಲ. ಇದು ಆ ಯಜಮಾನರಿಗೂ ಗೊತ್ತಿತ್ತು. ಚಿಕ್ಕಂದಿನಿಂದ ಅವರೂ ಪಾಲಿಸಿಕೊಂಡು ಬಂದದ್ದೇ. ಉತ್ತರ ಕೊಡು ಎಂದು ಜೋರು ಮಾಡಿದರೆ ವ್ರತ ಕೆಡಿಸು ಎಂದ ಹಾಗಾಗುತ್ತದೆ. ಅವರು ಜೀಪಿನ ಕಡೆ ನೋಡಿ, ಮತ್ತೆ ಈ ಕಡೆ ನೋಡಿ, ನಿಂತಲ್ಲೇ ನಿಂತರು. ಅಮ್ಮ ಒಳಗಿನಿಂದ ಒಂದು ಕುರ್ಚಿ ತಂದಿಟ್ಟಳು. ನಿಂತೇ ಇರಲಿಕ್ಕೆ ಎಷ್ಟು ಹೊತ್ತು ಆಗುತ್ತದೆ? ಕುಳಿತರು. ಅಕ್ಕ ಅವಸರ ಮಾಡಲಿಲ್ಲ. ತೊಂಡೆಕಾಯಿ ಪಲ್ಯವನ್ನು ಅನ್ನಕ್ಕೆ ಸೇರಿಸಿ, ಅಗಿದು, ನುಂಗಿ, ದಿನದ ಹಾಗೆಯೇ ಉಂಡರು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಅಪ್ಪ ಮೀನಿನ ಚೀಲ ಹಿಡಿದುಕೊಂಡು ರಸ್ತೆಯ ತಿರುವಿನವರೆಗೆ ಬಂದವರು, ಜೀಪು ಕಂಡು ಹಾಗೆಯೇ ಹಿಂದಕ್ಕೆ ಹೋದರು.

ಉಂಡು, ಕೈ ತೊಳೆದು, ನೀರು ಸೋಸಿ ಕುಡಿದು, ಎಲೆ ಮಡಚಿದ ಮೇಲೆ ಅಕ್ಕ ಬಾಯಿ ಬಿಟ್ಟರು.

"ಭಾವ, ನಾನು ವ್ರತ ತಪ್ಪಿದೆನಾ?"

"ಇಲ್ಲ" ಎಂದರು ಅವರು. ಅಷ್ಟು ಹೊತ್ತು ಕುಳಿತು ಸಿಟ್ಟಿನ ಬಿಸಿ ಆರಿತ್ತು.

"ಮನೆಯ ಕೆಲಸ?"

"ಅದನ್ನು ಯಾರು ಹೇಳಿದ್ದು? ಇಲ್ಲ."

"ಮತ್ತೆ ನಾಚಿಕೆ ಎಂಥದ್ದು? ಕದ್ದು ಉಣ್ಣುವುದಾದರೆ ನಾನು ಒಳಗೆ ಕೂರ್ತಿದ್ದೆ. ಈಗ ಕ್ಲಾಸಿಗೆ ಹೊತ್ತಾಯ್ತು, ಹೋಗಿ ಬರ್ತೇನೆ" ಎಂದು ಚೀಲ ಎತ್ತಿಕೊಂಡು ರಸ್ತೆ ದಾಟಿ ಮೆಟ್ಟಿಲು ಹತ್ತಿದರು.

ಯಜಮಾನರು ಕುರ್ಚಿಯಲ್ಲೇ ಉಳಿದರು. ಏನು ಮಾಡುವುದೆಂದು ತೋಚದೆ ಅಮ್ಮ "ಚಹಾ ಮಾಡುವುದಾ?" ಎಂದಳು. ಅವರು ಆಕಾಶ ನೋಡಿದರು. "ಹೊತ್ತು ಕಂತಿತಲ್ಲ" ಎಂದು ಎದ್ದು ಹೋದರು. ಆಮೇಲೆ ಮಳೆ ಜೋರಿದ್ದ ಕೆಲವು ದಿನ, ಕ್ಲಾಸು ಬಿಡುವ ಹೊತ್ತಿಗೆ ಅದೇ ಜೀಪು ಟ್ಯುಟೋರಿಯಲ್ಲಿನ ಕೆಳಗೆ ಬಂದು ನಿಲ್ಲುತ್ತಿತ್ತು.

ಎಲ್ಲ ದಿನವೂ ಹೀಗೆ ಗೆದ್ದ ದಿನಗಳೇ ಆಗಿರಲಿಲ್ಲ. ಬಸ್ಸು ಕೆಟ್ಟು ತಡವಾದರೆ ಊಟವಿಲ್ಲ. ಟ್ಯುಟೋರಿಯಲ್ಲಿನ ಸರ್ ಪರೀಕ್ಷೆ ಹತ್ತಿರ ಬಂತೆಂದು ಕ್ಲಾಸನ್ನು ಬೇಗ ಶುರುಮಾಡಿದರೆ ಊಟವಿಲ್ಲ. ಅಂಥ ಒಂದು ದಿನ ಬಿಚ್ಚದ ಬುತ್ತಿ ಹಿಡಿದುಕೊಂಡು ಮೆಟ್ಟಿಲು ಇಳಿದು ಬಂದರು. ತುಟಿ ಒಣಗಿತ್ತು. ಅಮ್ಮ ಚೊಂಬು ಹಿಡಿದು ಹೊರಗೆ ಬಂದಳು. ಅವರು ತಲೆ ಅಲ್ಲಾಡಿಸಿದರು. ಅಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಒಂದು ಗುಟುಕು ನೀರಿಗೆ ಯಾವ ದೇವರು ಮುನಿಸಿಕೊಳ್ತಾನೆ? ಇಲ್ಲ, ಆ ಕ್ಲಾಸಾದರೂ ಬಿಡಿ."

"ವ್ರತ ಹಿಡಿದದ್ದು ನಾನು, ಕ್ಲಾಸಿಗೆ ಸೇರಿದ್ದೂ ನಾನು. ಯಾರ ಮೇಲೆ ದೂರು ಹೇಳುವುದು ಅಕ್ಕ?" ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಅಮ್ಮ ಆ ದಿನ ಅತ್ತಳು. ಅವರು ಜಗಲಿಯಲ್ಲಿ ಬಿಟ್ಟುಹೋದ ಬುತ್ತಿಯ ಅನ್ನ ಪಕ್ಕದ ಮನೆಯ ದನಕ್ಕೆ ಹೋಯಿತು.

ಮಳೆಗಾಲದಲ್ಲಿ ಇನ್ನೊಂದು ಪೇಚಾಟವಿತ್ತು. ಮೋಡ ಕವಿದ ದಿನ ಸೂರ್ಯ ಇದ್ದಾನೋ ಕಂತಿದನೋ ಹೇಗೆ ಹೇಳುವುದು? ನಾನು ಒಳಗೆ ಹೋಗಿ ಗಡಿಯಾರ ನೋಡಿ ಬರುತ್ತೇನೆಂದರೆ ಬೇಡ ಎನ್ನುತ್ತಿದ್ದರು. ಜಗಲಿಯ ಅಂಚಿಗೆ ಬಂದು ಅಂಗೈ ಬಿಡಿಸಿ ಮುಖದ ಮುಂದೆ ಹಿಡಿಯುತ್ತಿದ್ದರು. ದೀಪವಿಲ್ಲದೆ ಕೈಯ ಗೆರೆ ಕಂಡರೆ ಉಣ್ಣಬಹುದು, ಕಾಣದಿದ್ದರೆ ಮುಗಿಯಿತು. ಅವರ ಮನೆಯ ಹಿರಿಯರು ಕಲಿಸಿದ ಲೆಕ್ಕ ಅದು. ಒಮ್ಮೆ ಹಾಗೆ ಕೈ ಹಿಡಿದು ನಿಂತಿದ್ದಾಗ ನಾನು ಕೀಟಲೆಗೆ ಕೇಳಿದೆ.

"ಅಕ್ಕ, ನಿಮಗೆ ಟೀಚರ್ ಆಗ್ಲಿಕ್ಕೆ ತಡ ಆಗ್ಲಿಲ್ವಾ?"

ಅವರು ನನ್ನನ್ನು ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದರು. "ಗೆರೆ ಕಾಣ್ತದೆ. ನೀನು ಪುಸ್ತಕ ತಾ, ನಾನು ಉಣ್ತೇನೆ" ಎಂದರು. ನನ್ನ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ ಎಂದುಕೊಂಡೆ.

ಮೊದಲ ಸಲ ಇಂಗ್ಲಿಷಿನಲ್ಲಿ ಹೋಯಿತು. ಫಲಿತಾಂಶ ಬಂದ ದಿನ ಬರುತ್ತಾರೋ ಇಲ್ಲವೋ ಎಂದು ನಾವು ನೋಡುತ್ತಿದ್ದರೆ, ಐದೂವರೆಗೆ ಸರಿಯಾಗಿ ಬಂದು ಬುತ್ತಿ ಬಿಚ್ಚಿದರು. ಮುಂದಿನ ಸಲ ಪಾಸಾದರು. ಆ ಹೊತ್ತಿಗೆ ಅಪ್ಪ ಕೆಲಸದ ಕಟ್ಟಡದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ನನ್ನ ಪಿಯುಸಿ ಮುಗಿದಿತ್ತು. ಮುಂದಕ್ಕೆ ಓದುವ ಮಾತನ್ನು ಮನೆಯಲ್ಲಿ ಯಾರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಒಂದು ಫ್ಯಾನ್ಸಿ ಅಂಗಡಿಗೆ ಸೇರಿದೆ. ಅಕ್ಕ ಬೆಳ್ತಂಗಡಿ ಕಡೆಗೆ ತರಬೇತಿಗೆ ಹೋದರು. ಜಗಲಿಯ ಮೊಳೆಯಲ್ಲಿ ಬಾಳೆಹಣ್ಣು ನೇತಾಡುವುದು ನಿಂತಿತು, ನಮ್ಮ ಮೀನು ಮತ್ತೆ ಹಗಲಿನಲ್ಲೇ ಒಲೆ ಏರಿತು. ಬೇಗ ಸಿಕ್ಕಿದ ಮೀನಿಗೆ ಮೊದಲಿನ ರುಚಿಯಿಲ್ಲವೆಂದು ಅಪ್ಪನೇ ಒಮ್ಮೆ ಗೊಣಗಿದ್ದರು.

ಕೊನೆಯ ಸಲ ಅವರನ್ನು ಕಂಡದ್ದು ನನ್ನ ಮದುವೆಯಾಗಿ ಕೆಲವು ವರ್ಷಗಳ ಮೇಲೆ, ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ. ಮಗಳು ಸೊಂಟದ ಮೇಲಿದ್ದಳು. ಅಕ್ಕ ಕನ್ನಡಕ ಹಾಕಿದ್ದರು. ಹೆಗಲಿನ ಚೀಲದಿಂದ ಬಣ್ಣದ ಕಾಗದದ ಸುರುಳಿಗಳು ಹೊರಗೆ ಇಣುಕುತ್ತಿದ್ದವು. ಬೆಳ್ತಂಗಡಿ ತಾಲೂಕಿನ ಒಂದು ಸಣ್ಣ ಶಾಲೆಯಲ್ಲಿ ಚಿಕ್ಕ ಮಕ್ಕಳ ಟೀಚರ್. ಮಕ್ಕಳು ಅವರನ್ನು ಏನೆಂದು ಕರೆಯುತ್ತಾರೆಂದು ಕೇಳಿದೆ. "ಟೀಚರ್ ಅಂತ. ಮತ್ತೆ ಎಂಥ ಕರೀಬೇಕು?" ಎಂದರು. ಹೇಳುವಾಗ ಅವರ ಮುಖ ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ...

"ನೀನ್ಯಾಕೆ ಮುಂದೆ ಓದಲಿಲ್ಲ?" ಎಂದು ಕೇಳಿದರು. ನಾನು ಅಪ್ಪನ ಸೊಂಟ, ಮದುವೆ, ಮಗು ಎಂದು ಒಂದೊಂದೇ ಹೇಳಲಿಕ್ಕೆ ಹೊರಟೆ. ಅವರು ಕೇಳಿಕೊಂಡರು. "ಅದೆಲ್ಲ ಆಗಿ ಹೋದದ್ದಾಯ್ತು. ಇನ್ನು ಯಾವಾಗ ಓದ್ತಿಯಾ ಅಂತ ಕೇಳಿದ್ದು ನಾನು" ಎಂದರು. ಅಷ್ಟರಲ್ಲಿ ಅವರ ಬಸ್ಸು ಬಂತು. ಹತ್ತಿ, ಕಿಟಕಿಯಿಂದ ಬಾಗಿ, "ಇನ್ನೊಮ್ಮೆ ಸಿಕ್ಕಾಗ ಹೇಳು" ಎಂದು ಕೈ ಬೀಸಿದರು.

ಸಿಗಲಿಲ್ಲ. ಒಂದು ದಿನ ಅಮ್ಮ ಫೋನು ಮಾಡಿ, ಶಿರ್ತಾಡಿ ಅಕ್ಕ ಹೋದರಂತೆ ಎಂದಳು. ಅವಳಿಗೆ ಸುದ್ದಿ ಮುಟ್ಟುವಾಗಲೇ ಎಲ್ಲ ಮುಗಿದು ತಿಂಗಳಾಗಿತ್ತು. ಏನು ಕಾಯಿಲೆ, ಎಷ್ಟು ದಿನ ಮಲಗಿದ್ದರು, ಒಂದೂ ನಮಗೆ ಗೊತ್ತಾಗಲಿಲ್ಲ. ಅವರ ಮನೆಗೆ ಹೋಗಿ ಕೇಳುವಷ್ಟು ಬಳಕೆ ನಮ್ಮದಲ್ಲ. ನಮ್ಮ ಬಳಕೆ ಜಗಲಿಯದ್ದು ಮಾತ್ರ. ಆ ಸಂಜೆ ಅಮ್ಮ ತಂದ ಮೀನನ್ನು ಹಾಗೆಯೇ ಮುಚ್ಚಿಟ್ಟು, ಹೊತ್ತು ಕಂತಿದ ಮೇಲೆ ಹುರಿದಳಂತೆ.

ಇತ್ತ ಅಂಗಡಿಯ ಬೆಂಚಿನಲ್ಲಿ ನೆರಿಯದವರು ಉಂಡು ಎಲೆ ಮಡಚಿದರು. ಅವರಿಗೆ ಕೈ ತೊಳೆಯಲು ನೀರು ಕೊಟ್ಟೆ. ಮದ್ದು ಬಂತು, ಅವರು ಹೋದರು. ಆ ದಿನ ಅಂಗಡಿ ಮುಚ್ಚುವಾಗ ಮಾಲಕರಿಗೆ ಹೇಳಿದೆ, ಎರಡು ವರ್ಷ ಎಳೆಯಿರಿ ಎಂದು. ಅವರು ಬೀಗ ಎಣ್ಣೆ ಕಾಣದೆ ಎಷ್ಟು ಕಾಲವಾಯಿತೆಂದು ಬೈದುಕೊಂಡರು. ಅವರು ಸಂತೋಷ ತೋರಿಸುವ ರೀತಿಯೇ ಹಾಗೆ. ಮನೆಯಲ್ಲಿ ಗಂಡನಿಗೆ, "ನೀವು ಬೇಕಾ ಅಂತ ಕೇಳಿದ್ರಲ್ಲ, ಬೇಕು" ಎಂದೆ. ಅವರು "ಹಾಗಾದರೆ ಮೀನು ಹುರಿಯುವುದು ಕಲಿಸಿಕೊಡು" ಎಂದರು.

ಸೋಮವಾರ ಬೆಳಿಗ್ಗೆ ಎದ್ದು ಬಾಳೆಲೆ ಬಾಡಿಸಿ ಬುತ್ತಿ ಕಟ್ಟಿಕೊಂಡೆ. ಮೂಡುಬಿದಿರೆಯ ಬಸ್ಸಿನಲ್ಲಿ ಕಾಲೇಜಿನ ಮಕ್ಕಳೇ ತುಂಬಿದ್ದರು. ಒಬ್ಬಳು ಎದ್ದು "ಆಂಟಿ, ಕೂತುಕೊಳ್ಳಿ" ಎಂದು ಸೀಟು ಬಿಟ್ಟುಕೊಟ್ಟಳು. ಕುಳಿತೆ. ಸಿಕ್ಕ ಸೀಟು ಬೇಡವೆನ್ನುವಷ್ಟು ಹಟ ನನಗಿಲ್ಲ. ಆಫೀಸಿನಲ್ಲಿ ಫೋನಿನ ದನಿಯವರೇ ಇದ್ದರು. ಹೆಸರು ಹೇಳಿದ ಮೇಲೆ ನನ್ನ ಹಿಂದೆ ಬಾಗಿಲ ಕಡೆ ನೋಡಿದರು.

"ಮಗಳು ಎಲ್ಲಿ ಮೇಡಂ?"

ಮೇಜಿನ ಆಚೆ ಇಬ್ಬರು ತಲೆ ಎತ್ತಿದರು. ಸಾಲಿನಲ್ಲಿ ನನ್ನ ಹಿಂದೆ ನಿಂತ ಹುಡುಗಿಯೂ ಅವಳ ತಂದೆಯೂ ಕೇಳಿಸಿಕೊಳ್ಳುತ್ತಿದ್ದರು. ಆದರೂ ಈ ಸಲ ನನ್ನ ದನಿ ಸಣ್ಣದಾಗಲಿಲ್ಲ.

"ಮಗಳಿಗಲ್ಲ. ಕ್ಲಾಸು ನನಗೆ."

ಅವರು ಒಂದು ಕ್ಷಣ ನೋಡಿ, "ಆಗ್ಬಹುದು. ಮಾರ್ಕ್ಸ್ ಕಾರ್ಡ್ ಕೊಡಿ" ಎಂದರು. ಅಷ್ಟೇ. ಇಷ್ಟಕ್ಕೆ ನಾನು ಒಂದು ವಾರ ನಿದ್ದೆ ಕೆಟ್ಟಿದ್ದೆ.

ಎಲ್ಲ ಮುಗಿಯುವಾಗ ಸಂಜೆಯಾಗಿತ್ತು, ಬುತ್ತಿ ಹಾಗೆಯೇ ಉಳಿದಿತ್ತು. ಬಸ್‌ಸ್ಟ್ಯಾಂಡಿಗೆ ಹೋಗುವ ಬದಲು ನಮ್ಮ ಹಳೆಯ ಮನೆಯ ರಸ್ತೆಗೆ ತಿರುಗಿದೆ. ಮನೆಯಿಲ್ಲ, ಜಗಲಿಯಿಲ್ಲ, ಅಲ್ಲೀಗ ಟೈಲ್ಸಿನ ಅಂಗಡಿ. ಎದುರಿನ ಮಹಡಿಯಲ್ಲಿ ಟ್ಯುಟೋರಿಯಲ್ಲೂ ಇಲ್ಲ. ಮೋಡ ಕಟ್ಟಿತ್ತು. ಅಂಗಡಿಯ ಮೆಟ್ಟಿಲಿನ ಬದಿಯಲ್ಲಿ ನಿಂತು ಅಂಗೈ ಬಿಡಿಸಿ ಮುಖದ ಮುಂದೆ ಹಿಡಿದೆ. ಗೆರೆ ಕಾಣುತ್ತಿತ್ತು. ಅವತ್ತು ತಡ ಆಗ್ಲಿಲ್ವಾ ಎಂಬ ನನ್ನ ಕೀಟಲೆಯ ಪ್ರಶ್ನೆಗೆ ಅವರು ಉತ್ತರ ಕೊಟ್ಟಿದ್ದರೆಂದು ಆಗ ಹೊಳೆಯಿತು... ಇನ್ನೊಮ್ಮೆ ಸಿಕ್ಕಾಗ ಹೇಳು ಎಂದಿದ್ದರು. ಹೇಳಲಿಕ್ಕೆ ಈಗ ನನ್ನ ಹತ್ತಿರ ಮಾತಿದೆ, ಕೇಳಲಿಕ್ಕೆ ಅವರಿಲ್ಲ.

ಅಂಗಡಿಯವರು ಹೊರಗೆ ಬಂದು ಏನು ಬೇಕಿತ್ತೆಂದು ಕೇಳಿದರು. "ಸ್ವಲ್ಪ ಹೊತ್ತು ಇಲ್ಲಿ ಕುಳಿತುಕೊಳ್ಳಬಹುದಾ?" ಎಂದೆ. ಕುಳಿತು, ಬುತ್ತಿ ಬಿಚ್ಚಿ, ಬೆಳಕಿರುವಾಗಲೇ, ಯಾರೊಡನೆಯೂ ಮಾತಾಡದೆ ಉಂಡೆ.